ವೈನಿಯ ಊಟದ ಹೊತ್ತು

ಇಲ್ಲಿ ಬರೆಯುತ್ತಿರುವ ಕೆಲವು ವಿವರಗಳು ತಪ್ಪಿರಬಹುದು. ಅವ್ವನ ಕೊರಳಿನ ಇಷ್ಟಲಿಂಗ ಸಿಕ್ಕಿದ್ದು ತೊಗರಿಬೇಳೆಯ ಡಬ್ಬಿಯಲ್ಲಿ ಎಂದು ನನ್ನ ನೆನಪು. ಅದೇ ದಿನ ಸಂಜೆ ನಾನೇ ಬರೆದ ದಿನಚರಿಯಲ್ಲಿ ಕಡಲೆಬೇಳೆಯ ಡಬ್ಬಿ ಎಂದಿದೆ. ಅಣ್ಣನ ಹೆಂಡತಿಯನ್ನು, ಅಂದರೆ ನನ್ನ ವೈನಿಯನ್ನು ಕೇಳಿದರೆ, "ಎರಡೂ ಅಲ್ಲ, ಬೂದಿ ಕಲಸಿ ಇಟ್ಟ ಹೆಸರುಕಾಳಿನ ಡಬ್ಬಿ ಅದು" ಎನ್ನುತ್ತಾರೆ. ಅಡುಗೆಮನೆ ಅವರದು, ಡಬ್ಬಿಗಳು ಅವರವು. ಅವರು ಹೇಳುವುದೇ ಸರಿಯಿರಬೇಕು. ನಾನು ಇತಿಹಾಸ ಕಲಿಸುವವಳು. ಒಂದೇ ಘಟನೆಯನ್ನು ಮೂವರು ಸಾಕ್ಷಿಗಳು ಮೂರು ರೀತಿ ಹೇಳಿದರೆ ಏನು ಮಾಡಬೇಕೆಂದು ಪ್ರತಿ ವರ್ಷ ಪಾಠ ಮಾಡುತ್ತೇನೆ. ಮನೆಯ ಸಂಗತಿಯಲ್ಲಿ ಆ ಪಾಠ ನನಗೆ ಉಪಯೋಗಕ್ಕೆ ಬಂದಿಲ್ಲ. ಡಬ್ಬಿ ಯಾವುದಾದರೂ ಇರಲಿ, ಮುಚ್ಚಳ ತೆಗೆದವಳು ನಾನು. ಅದೊಂದರಲ್ಲಿ ಸಂಶಯವಿಲ್ಲ.

ಅವ್ವ ಇರುವುದು ಬಸವಕಲ್ಯಾಣದಲ್ಲಿ, ಅಣ್ಣನ ಮನೆಯಲ್ಲಿ. ಅಣ್ಣನದು ಬೀಜ, ಗೊಬ್ಬರದ ಅಂಗಡಿ. ನನ್ನ ಕೆಲಸ ಹುಮನಾಬಾದಿನ ಕಾಲೇಜೊಂದರಲ್ಲಿ. ಮದುವೆಯಾಗಿಲ್ಲ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುತ್ತೇನೆ. ಶನಿವಾರ ತರಗತಿ ಮುಗಿಸಿ ಬಸ್ಸು ಹತ್ತಿದರೆ ರಾಜೇಶ್ವರ ದಾಟಿ, ಬಂಗ್ಲಾ ಕ್ರಾಸಿನ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ತಿರುಗಿ, ಸಂಜೆಯ ಚಹಾದ ಹೊತ್ತಿಗೆ ಅಣ್ಣನ ಮನೆ. ಭಾನುವಾರ ಸಂಜೆ ಅದೇ ದಾರಿಯಲ್ಲಿ ವಾಪಸು. ಹೀಗೆ ಎರಡು ವರ್ಷ ಹೋಗಿಬಂದೆ. ಇದನ್ನೇ ನಾನು ಅವ್ವನನ್ನು ನೋಡಿಕೊಳ್ಳುವುದು ಎಂದು ತಿಳಿದಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ "ಪಾಪ, ಒಂದು ವಾರಾನೂ ತಪ್ಪಸಂಗಿಲ್ಲ ನೋಡ್ರಿ ನೀವು" ಎಂದರೆ, ಇಲ್ಲ ಎನ್ನುತ್ತಿರಲಿಲ್ಲ.

ಅವ್ವನಿಗೆ ಆಗಿರುವುದು ಅಲ್ಜೈಮರ್ ಎಂದು ಕಲಬುರಗಿಯ ಡಾಕ್ಟರು ಹೇಳಿದ ದಿನ ನಾವು ನಾಲ್ವರೂ ಹೋಗಿದ್ದೆವು. ಡಾಕ್ಟರು ಅವ್ವನಿಗೆ ಗಡಿಯಾರದ ಚಿತ್ರ ಬರೆಯಲು ಹೇಳಿದರು. ಅವ್ವ ಒಂದು ದುಂಡು ಗೆರೆ ಎಳೆದು, ಅದರೊಳಗೆ ಏನೂ ಬರೆಯದೆ, "ರೊಟ್ಟಿ" ಎಂದು ತೋರಿಸಿದಳು. ಎಲ್ಲರೂ ನಕ್ಕೆವು, ಅವ್ವನೂ ನಕ್ಕಳು. ಆಮೇಲೆ ಡಾಕ್ಟರು ಕೇಳಿದರು:

"ಮನ್ಯಾಗ ಇವರನ್ನ ನೋಡ್ಕೊಳ್ಳೋರು ಯಾರ್ರಿ?"

"ನಾವೆಲ್ಲಾರೂ ನೋಡ್ತೀವ್ರಿ," ಎಂದ ಅಣ್ಣ.

ವೈನಿ ಕುರ್ಚಿಯ ಹಿಂದೆ ನಿಂತಿದ್ದರು. ಅವ್ವ ಬಾಗಿಲಲ್ಲಿ ಬಿಟ್ಟು ಮತ್ತೆ ಹಾಕಿಕೊಳ್ಳಲು ಒಪ್ಪದ ಚಪ್ಪಲಿಗಳು ಅವರ ಕೈಯಲ್ಲಿದ್ದವು. ಡಾಕ್ಟರು ಆ ಚಪ್ಪಲಿಗಳನ್ನು ನೋಡಿ, ವೈನಿಯ ಮುಖ ನೋಡಿ, "ನೋಡ್ಕೊಳ್ಳೋರನ್ನೂ ಯಾರರ ನೋಡಬೇಕಾಗ್ತದ, ಮರೀಬ್ಯಾಡ್ರಿ" ಎಂದರು. ಆ ಮಾತನ್ನು ನಾನು ದಿನಚರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಗೆರೆ ಎಳೆದದ್ದರಿಂದಲೇ ಏನೋ ಮಾಡಿದಂತೆ ಅನಿಸಿತ್ತು ಎಂದು ಈಗ ಅನಿಸುತ್ತದೆ.

ಅದರ ಮುಂದಿನ ಶನಿವಾರ ಒಂದು ದೊಡ್ಡ ಹಾಳೆಯಲ್ಲಿ ಬಣ್ಣದ ಸ್ಕೆಚ್ ಪೆನ್ನಿನಿಂದ ವೇಳಾಪಟ್ಟಿ ಬರೆದು ತಂದು ಫ್ರಿಜ್ಜಿಗೆ ಅಂಟಿಸಿದೆ. ಅವ್ವನ ಸ್ನಾನ, ಪೂಜೆ, ಗುಳಿಗೆ, ಊಟ, ಅಂಗಳದಲ್ಲಿ ನಡೆದಾಟ. ವೈನಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅದನ್ನು ಓದಿ, ಒಳಗಿದ್ದ ಅಣ್ಣನಿಗೆ ಕೇಳುವಂತೆ, "ಬರ್ರೀ ಇಲ್ಲಿ, ನಿಮ್ಮ ತಂಗಿ ಕ್ಲಾಸ್ ಚಾಲೂ ಮಾಡ್ಯಾಳ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಾ ಛಂದ ಅದ ತಂಗಿ. ಇದರಾಗ ನನ್ನ ಊಟದ ಟೈಮ್ ಎಲ್ಲದ?" ಎಂದು ಕೇಳಿದರು. ನಾನು ನಕ್ಕೆ.

ಅವರು ಆ ದಿನ ಹಾಗೆ ಕೇಳಿದ್ದು ನಿಜವೋ, ಮುಂದೆ ನಡೆದದ್ದನ್ನೆಲ್ಲ ನೋಡಿದ ಮೇಲೆ ನಾನೇ ಆ ಮಾತನ್ನು ಅವರ ಬಾಯಲ್ಲಿ ಇಟ್ಟೆನೋ, ಹೇಳಲಾರೆ. ದಿನಚರಿಯಲ್ಲಿ ಅದು ಇಲ್ಲ. ವೇಳಾಪಟ್ಟಿಯಲ್ಲಿ ಅವರ ಊಟದ ಸಮಯ ಇರಲಿಲ್ಲ ಎಂಬುದು ಮಾತ್ರ ಖಾತ್ರಿ. ಆ ಹಾಳೆ ಈಗಲೂ ಫ್ರಿಜ್ಜಿನ ಮೇಲೆ ಇದೆ.

ಊಟದ ಮಾತು ಯಾಕೆ ಬಂತೆಂದರೆ, ನಮ್ಮ ಮನೆಯಲ್ಲಿ ಒಂದು ರೂಢಿ. ಅವ್ವ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವುದಿಲ್ಲ. ಅವ್ವ ಉಂಡ ಮೇಲೆಯೇ ಸೊಸೆ ಉಣ್ಣುವುದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ವೈನಿ ಮದುವೆಯಾಗಿ ಬಂದ ಮೊದಲ ದಿನ ಅವ್ವ ಹೇಳಿರಬೇಕು, ಅವ್ವನಿಗೆ ಅವಳ ಅತ್ತೆ ಹೇಳಿದ್ದಿರಬೇಕು. ಅವ್ವ ಗಟ್ಟಿಯಿದ್ದಾಗ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಪೂಜೆ, ಒಂಬತ್ತಕ್ಕೆ ಊಟ, ಒಂಬತ್ತೂವರೆಗೆ ವೈನಿಯ ಊಟ. ಈಗ ಅವ್ವ ಪೂಜೆ ಮಾಡುತ್ತಾಳೆ, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುತ್ತಾಳೆ, ತಾಟಿನ ಮುಂದೆ ಕೂತು, "ಪೂಜಿ ಆಗಿಲ್ಲ, ಹ್ಯಾಂಗ ಉಣ್ಲಿ?" ಎನ್ನುತ್ತಾಳೆ. ಆಗಿದೆ ಎಂದರೆ ಸಿಟ್ಟಾಗುತ್ತಾಳೆ. ಮತ್ತೆ ಮಣೆ ಹಾಕಬೇಕು, ನೀರು ತರಬೇಕು, ವಿಭೂತಿ ಕೊಡಬೇಕು. ಒಂದು ದಿನ ನಾನು ಎಣಿಸಿದೆ, ನಾಲ್ಕು ಸಲ. ನಾಲ್ಕನೆಯ ಪೂಜೆ ಮುಗಿದು ಅವ್ವ ಉಂಡಾಗ ಮಧ್ಯಾಹ್ನ ಎರಡೂವರೆ. ವೈನಿ ಅಡುಗೆಮನೆಯ ಗೋಡೆಗೆ ಒರಗಿ ಕೂತು, ಬೆಳಿಗ್ಗೆ ಮಾಡಿದ ರೊಟ್ಟಿಯನ್ನು ಪುಂಡಿಪಲ್ಯದಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ತಿನ್ನುತ್ತಿದ್ದರು.

"ವೈನಿ, ನೀವು ಮೊದಲ ಉಂಡು ಬಿಡ್ರಿ. ಅವ್ವಗ ಗೊತ್ತರ ಎಲ್ಲಿ ಆಗ್ತದ?"

"ಅತ್ತಿಗಿ ಗೊತ್ತಾಗಂಗಿಲ್ಲ. ನನಗ ಗೊತ್ತಾಗ್ತದಲ್ಲ," ಎಂದರು. "ಇಪ್ಪತ್ತಾರು ವರ್ಷದ ರೂಢಿ ತಂಗಿ. ಮುರದ್ರ ಗಂಟಲದಾಗ ಇಳಿಯಂಗಿಲ್ಲ."

ನಾನು ಅವರಿಗೆ ಮೂಢನಂಬಿಕೆ, ಅಭ್ಯಾಸ, ಹೆಂಗಸರು ಎಂದು ಏನೇನೋ ಹೇಳಿದೆ. ಅವರು ಕೇಳಿಸಿಕೊಂಡು ತಾಟು ತೊಳೆದರು.

ಮುಂದಿನದು ನಾನು ಕಣ್ಣಾರೆ ನೋಡಿದ್ದಲ್ಲ, ವೈನಿ ಹೇಳಿದ್ದು, ಅದೂ ಬಹಳ ತಡವಾಗಿ. ಜೂನಿನಲ್ಲಿ, ಬಿತ್ತನೆಯ ಗದ್ದಲದ ದಿನಗಳಲ್ಲಿ, ಒಂದು ಬೆಳಿಗ್ಗೆ ಅವ್ವನ ಕೊರಳಲ್ಲಿ ಲಿಂಗ ಇರಲಿಲ್ಲ. ಅವ್ವ ಆಗಲೇ ವಸ್ತುಗಳನ್ನು ಬಚ್ಚಿಡುವುದನ್ನು ಶುರು ಮಾಡಿದ್ದಳು. ಕನ್ನಡಕ ಹಾಸಿಗೆಯ ಅಡಿ, ಬಾಚಣಿಗೆ ನೀರಿನ ಹಂಡೆಯೊಳಗೆ. ಆದರೆ ಲಿಂಗ ಬಾಚಣಿಗೆಯಲ್ಲ. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಆಕೆಯ ಮೈಬಿಟ್ಟು ಹೋಗದ ಲಿಂಗ. ಅದಿಲ್ಲದೆ ಅವ್ವ ನೀರು ಮುಟ್ಟಲಿಲ್ಲ. ವೈನಿ ಹಾಸಿಗೆ ಜಾಡಿಸಿದರು, ಟ್ರಂಕು ತೆಗೆದರು, ಕಸದ ಬುಟ್ಟಿ ಅಂಗಳದಲ್ಲಿ ಸುರಿದು ಹುಡುಕಿದರು. ಮಧ್ಯಾಹ್ನವಾಯಿತು. ಅವ್ವನ ತುಟಿ ಒಣಗಿತ್ತು. ನೀರಿನ ಲೋಟ ಹಿಡಿದರೆ ಕೈಯಿಂದ ತಳ್ಳುತ್ತಿದ್ದಳು. ವೈನಿ ಅಣ್ಣನಿಗೆ ಫೋನ್ ಮಾಡಿದರು. "ಅಂಗಡಿ ತುಂಬ ಗಿರಾಕಿ ಅದಾರ, ಸಂಜಿಕ ನೋಡೂಣು" ಎಂದನಂತೆ. ನನಗೆ ಮಾಡಲಿಲ್ಲ. ಅಂದು ಬುಧವಾರ, ನಾನು ಶನಿವಾರದವಳು.

ವೈನಿ ಪಕ್ಕದ ಮನೆಯ ಮುದುಕಿಯನ್ನು ಅವ್ವನ ಹತ್ತಿರ ಕೂರಿಸಿ, ಮಠದ ವಯಸ್ಸಾದ ಅಯ್ಯನವರ ಹತ್ತಿರ ಹೋದರು. ಇದ್ದದ್ದನ್ನು ಇದ್ದಂತೆ ಹೇಳಿದರು. ಅಯ್ಯನವರು ಒಳಗಿನಿಂದ ಬೇರೊಂದು ಲಿಂಗ ತಂದುಕೊಟ್ಟರಂತೆ. "ಆಕಿಗಿ ಇದು ತನ್ನದು ಅಂತ ಅನಿಸಿದ್ರ, ಇದು ಆಕೀದ. ನೀ ಚಿಂತಿ ಮಾಡಬ್ಯಾಡವ್ವ, ಮೊದಲ ಆಕಿಗಿ ನೀರ ಕುಡಸು" ಎಂದರಂತೆ. ವೈನಿ ತಂದು ಅವ್ವನ ಅಂಗೈಯಲ್ಲಿಟ್ಟರು. "ಅಂಗೈಗಿ ಗುರ್ತ ಸಿಕ್ಕೀತು ಅಂತ ಅಂಜಿದ್ದೆ ತಂಗಿ. ಹಳೀದು ಸವದು ನುಣ್ಣಗಾಗಿತ್ತು, ಇದು ಹೊಸಾದು," ಎಂದು ಹೇಳುವಾಗಲೂ ಅವರ ದನಿ ತಗ್ಗಿತ್ತು. ಅವ್ವ ನೋಡಿದಳು, ಕಣ್ಣಿಗೆ ಒತ್ತಿಕೊಂಡಳು, ಪೂಜೆ ಮಾಡಿದಳು, ಎರಡು ತಂಬಿಗೆ ನೀರು ಕುಡಿದಳು. ವೈನಿ ಅಂದು ಉಂಡದ್ದು ಸಂಜೆ ಐದಕ್ಕೆ.

ಈ ಸಂಗತಿಯನ್ನು ಅವರು ಗಂಡನಿಗೂ ಹೇಳಲಿಲ್ಲ. ನಾಲ್ಕು ತಿಂಗಳು ಹೀಗೇ ನಡೆಯಿತು.

ದೀಪಾವಳಿ ರಜೆಯಲ್ಲಿ ನಾನು ಒಂದು ವಾರ ಇರಲು ಬಂದೆ. ವೈನಿಯ ಕಣ್ಣಿನ ಸುತ್ತ ಕಪ್ಪಾಗಿತ್ತು. ಅವರಿಗೆ ಬಿಡುವು ಕೊಡಬೇಕೆಂದು, ಹಬ್ಬದ ಮುಂದಿನ ಸ್ವಚ್ಛತೆ ನನ್ನದು ಎಂದು ಘೋಷಿಸಿದೆ. "ನೀವು ಅಡುಗಿಮನಿ ಕಡೆ ಹಾಯಬ್ಯಾಡ್ರಿ" ಎಂದೆ. "ಹಾಯದ ಹ್ಯಾಂಗ, ರೊಟ್ಟಿ ಏನು ನಿಮ್ಮ ಕಾಲೇಜಿನಾಗ ಬಡೀಲೇನು?" ಎಂದು ನಗುತ್ತ ಬಟ್ಟೆ ತೊಳೆಯಲು ಹಿತ್ತಲಿಗೆ ಹೋದರು. ನಾನು ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸಿ ಒರೆಸತೊಡಗಿದೆ. ಆ ಡಬ್ಬಿಯೊಳಗೆ ಕೈ ಹಾಕಿದಾಗ ಕಾಳಿನ ನಡುವೆ ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದೆ. ಅವ್ವನ ಲಿಂಗ. ಚಿಕ್ಕಂದಿನಿಂದ ನೋಡಿದ್ದು, ಅದರ ಕಪ್ಪು ಹೊಳಪು, ಒಂದು ಬದಿಗೆ ಸವೆದದ್ದು, ನನಗೆ ತಕ್ಷಣ ಗುರುತು ಸಿಕ್ಕಿತು.

ಅದು ಅವ್ವನ ಕೊರಳಲ್ಲೇ ಇರಬೇಕಾದದ್ದು, ಇಲ್ಲಿ ಹೇಗೆ ಬಂತು ಎಂದು ಒಂದು ಕ್ಷಣ ನಿಂತು ಯೋಚಿಸಬಹುದಿತ್ತು. ವೈನಿಯನ್ನು ಕೂಗಬಹುದಿತ್ತು. ನಾನು ಎರಡನ್ನೂ ಮಾಡಲಿಲ್ಲ. ಕಳೆದದ್ದನ್ನು ನಾನೇ ಹುಡುಕಿ ಕೊಟ್ಟೆ ಎಂಬ ಸಂಭ್ರಮದಲ್ಲಿ ಪಡಸಾಲೆಗೆ ಓಡಿದೆ.

"ಅವ್ವಾ, ನೋಡಿಲ್ಲಿ, ನಿನ್ನ ಲಿಂಗ!"

ಅವ್ವ ಆಗಷ್ಟೇ ಪೂಜೆ ಮುಗಿಸಿ ಕೂತಿದ್ದಳು. ನನ್ನ ಅಂಗೈಯಲ್ಲಿದ್ದದ್ದನ್ನು ತೆಗೆದುಕೊಂಡಳು. ಹೆಬ್ಬೆರಳಿನಿಂದ ಆ ಸವೆದ ಬದಿಯನ್ನು ಸವರಿದಳು. ಮತ್ತೊಂದು ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿಯೂ ಒಂದು ಇತ್ತು. ಆಮೇಲೆ ಅವ್ವ ತಲೆ ಎತ್ತಿ ನನ್ನನ್ನು ನೋಡಿದ ರೀತಿ, ಎಷ್ಟೋ ದಿನಗಳಿಂದ ಕಾಣದ, ಮೊದಲಿನ ಅವ್ವನ ನೋಟ.

"ಹಂಗಾದ್ರ ಇದು ಯಾರದು? ಇಷ್ಟು ದಿನಾ ನಾ ಯಾರ ಲಿಂಗಾ ಪೂಜಿ ಮಾಡೀನಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ವೈನಿ ಸೋಪಿನ ಕೈಯಲ್ಲೇ ಓಡಿಬಂದಿದ್ದರು. ನನ್ನ ಮುಖ, ಅವ್ವನ ಎರಡು ಕೈ, ಎಲ್ಲವನ್ನೂ ಒಂದೇ ಸಲ ನೋಡಿದರು. ಅವ್ವ ಬೆರಳು ಚಾಚಿದಳು.

"ಈಕಿ ಕಟ್ಯಾಳ. ಈಕಿ ನನ್ನ ಲಿಂಗಾ ಬಚ್ಚಿಟ್ಟು ನನಗ ಮೋಸ ಮಾಡ್ಯಾಳ. ಈಕಿ ಕೈಯಾಗಿಂದು ನಾ ನೀರ ಸೈತ ಕುಡಿಯಂಗಿಲ್ಲ."

ಅದನ್ನು ಕೇಳಿ ವೈನಿ ಅತ್ತರು ಎಂದು ನನ್ನ ನೆನಪು. ದಿನಚರಿಯಲ್ಲಿ "ವೈನಿ ನಕ್ಕುಬಿಟ್ಟರು" ಎಂದಿದೆ. ಎರಡೂ ಆಗಿರಬಹುದು.

ಮಧ್ಯಾಹ್ನ ಅಣ್ಣ ಊಟಕ್ಕೆ ಬಂದಾಗ ಎಲ್ಲವೂ ಹೊರಗೆ ಬಂತು. ಅವನು ತಾಟಿನ ಮುಂದಿನಿಂದ ಎದ್ದು ನಿಂತ.

"ಲಿಂಗಾ ಬದಲ ಮಾಡೂದಂದ್ರೇನು? ತಲಿ ನೆಟ್ಟಗದ ಏನು ನಿನಗ? ನನಗೊಂದು ಮಾತು ಹೇಳಬಾರದಾಗಿತ್ತು?"

"ಹೇಳಲಿಕ್ಕೇ ಫೋನ್ ಮಾಡಿದ್ದೆ," ಎಂದರು ವೈನಿ. ಜೋರಾಗಿ ಅಲ್ಲ. "ಗಿರಾಕಿ ಅದಾರ ಅಂದ್ರಿ. ಅತ್ತಿ ಮುಂಜಾನಿಂದ ನೀರ ಬಿಟ್ಟಿದ್ರು. ಇನ್ನೇನು ಮಾಡಬೇಕಿತ್ತು ಹೇಳ್ರಿ, ಅದನ್ನ ಮಾಡ್ತಿದ್ದೆ."

ಅಣ್ಣ ಮತ್ತೆ ಕೂತ. ಅವನು ಕೆಟ್ಟವನಲ್ಲ. ಬೆಳಿಗ್ಗೆ ಅವ್ವನ ಕಾಲು ಮುಟ್ಟಿಯೇ ಅಂಗಡಿಗೆ ಹೋಗುತ್ತಾನೆ. ಅವನ ಪಾಲಿಗೂ ಅದು ನೋಡಿಕೊಳ್ಳುವುದೇ.

ನಾನು ವೈನಿಯ ಕ್ಷಮೆ ಕೇಳಿದೆ. "ನಿನಗೇನು ಗೊತ್ತು ತಂಗಿ, ನಾ ಹೇಳಿರಲಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತ, ನನ್ನನ್ನು ನೋಡದೆ ಹೇಳಿದರು: "ನೀ ಶನಿವಾರ ಬರ್ತಿ. ಒಂದು ವಾರದ ಮಾಯಾ ಮಮತಾ ಎಲ್ಲಾ ಒಂದ ದಿನದಾಗ ಮಾಡಬೇಕಂತಿ. ಅದಕ್ಕ ಹಿಂಗ ಆಗ್ತದ." ಈ ಮಾತು ದಿನಚರಿಯಲ್ಲಿ ಇದ್ದಂತೆಯೇ ಇದೆ. ಇದನ್ನು ನಾನು ಬದಲಾಯಿಸಿಲ್ಲ.

ಅವ್ವ ಆ ಘಟನೆಯನ್ನು ಒಂದು ಗಂಟೆಯಲ್ಲಿ ಮರೆತಳು. ಲಿಂಗ ಎರಡಿದ್ದದ್ದು, ನಾನು ಓಡಿಬಂದದ್ದು, ಯಾವುದೂ ಉಳಿಯಲಿಲ್ಲ. ಸಿಟ್ಟು ಮಾತ್ರ ಉಳಿಯಿತು. ಯಾಕೆ ಎಂದು ತನಗೇ ಗೊತ್ತಿಲ್ಲದೆ, ವೈನಿ ತಾಟು ಹಿಡಿದು ಬಂದರೆ ಮುಖ ತಿರುಗಿಸುತ್ತಿದ್ದಳು. "ಯಾಕವ್ವಾ?" ಎಂದರೆ, "ಆಕಿ ಬ್ಯಾಡ" ಎನ್ನುತ್ತಿದ್ದಳು. ರಜೆ ಮುಗಿಯುವವರೆಗೆ ನಾನು ಉಣಿಸಿದೆ. ಆಮೇಲೆ ಅಣ್ಣ ಅಂಗಡಿಯಿಂದ ಬಂದು ಉಣಿಸಬೇಕಾಯಿತು. ಅವನು ಬರುವುದು ಮೂರಕ್ಕೆ, ಕೆಲವೊಮ್ಮೆ ಮೂರೂವರೆಗೆ. ಅಲ್ಲಿಯವರೆಗೆ ಅವ್ವ ಹಸಿದಿರುತ್ತಿದ್ದಳು, ಅವ್ವನ ಹಿಂದೆ ವೈನಿ.

ಮೂರು ವಾರದ ನಂತರ ವೈನಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಲೆ ತಿರುಗಿ ಬಿದ್ದರು. ಮೊಣಕೈ ಬಾತುಕೊಂಡಿತು. ಊರಿನ ದವಾಖಾನೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ರಕ್ತ ಕಡಿಮೆಯಿದೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಕೆಲವು ದಿನ ಪೂರ್ತಿ ವಿಶ್ರಾಂತಿ ಬೇಕು ಎಂದರು. ಫೋನಿನಲ್ಲಿ ಅಣ್ಣ ಇದನ್ನು ನನಗೆ ಹೇಳಿದಾಗ, "ನೋಡವಾ, ಈಗ ಈಕಿನೂ ಹಿಂಗ ಮಾಡಿದ್ರ ಹ್ಯಾಂಗ?" ಎಂದ. ಬಿದ್ದದ್ದು ವೈನಿ ಮಾಡಿದ ಕೆಲಸ ಎಂಬಂತೆ ಅವನ ಮಾತು ಇತ್ತು. ನಾನು ಹದಿನೈದು ದಿನ ರಜೆ ಹಾಕಿದೆ. ಅವ್ವನನ್ನು ಹುಮನಾಬಾದಿಗೆ ಕರೆದುಕೊಂಡು ಹೋಗುವುದು, ವೈನಿ ಹಳ್ಳಿಖೇಡದ ತಮ್ಮ ಅಕ್ಕನ ಮನೆಗೆ ಹೋಗುವುದು ಎಂದು ನಿಶ್ಚಯವಾಯಿತು. ತಂದೆ ತಾಯಿ ಹೋದ ಮೇಲೆ ವೈನಿಗೆ ತವರು ಎಂದರೆ ಆ ಅಕ್ಕನೇ. ಹಿಂದೆ ಯಾವಾಗ ಹೋಗಿದ್ದಿರಿ ಎಂದು ಕೇಳಿದೆ. ಅವರಿಗೆ ನೆನಪಾಗಲಿಲ್ಲ. ಅಣ್ಣನನ್ನು ಕೇಳಿದೆ. ಅವನಿಗೂ ನೆನಪಾಗಲಿಲ್ಲ. ನಮ್ಮ ಮನೆಯಲ್ಲಿ ಮರೆವು ಅವ್ವನೊಬ್ಬಳದೇ ಅಲ್ಲ.

ಹೊರಡುವ ಮುನ್ನ ವೈನಿ ಅವ್ವನ ಚೀಲ ತುಂಬಿದರು. ನನ್ನ ವೇಳಾಪಟ್ಟಿಯಲ್ಲಿ ಇಲ್ಲದ ಸಂಗತಿಗಳೆಲ್ಲ ಅವರ ಬಾಯಲ್ಲಿದ್ದವು. ಬಾಗಿಲಿಗೆ ಕಪ್ಪು ಕಾಲೊರೆಸು ಹಾಕಬೇಡ, ಅವ್ವ ಅದನ್ನು ಹಳ್ಳ ಎಂದು ತಿಳಿದು ದಾಟುವುದಿಲ್ಲ. ಸ್ನಾನಕ್ಕೆ "ಬಾ" ಎನ್ನಬೇಡ, "ನೀರು ಆರಾಕತ್ತಾವ" ಎನ್ನು, ತಾನೇ ಏಳುತ್ತಾಳೆ. ಊರಿಗೆ ಹೋಗಬೇಕು ಎಂದು ಹಟ ಹಿಡಿದರೆ ಇಲ್ಲ ಎನ್ನಬೇಡ, "ಬಸ್ಸು ನಾಲ್ಕಕ್ಕದ" ಎನ್ನು. ಕೊನೆಗೆ ಒಂದು ಸಣ್ಣ ಡಬ್ಬಿ ಕೊಟ್ಟರು. ಅದರಲ್ಲಿ ಅಯ್ಯನವರು ಕೊಟ್ಟ ಲಿಂಗ.

"ಬ್ಯಾಡ ವೈನಿ," ಎಂದೆ.

"ಇಟ್ಕೋ. ಬೇಕಾಗ್ತದ."

ಮೂರನೆಯ ದಿನ ಬೇಕಾಯಿತು. ನನ್ನ ಎರಡು ಕೋಣೆಯ ಮನೆಯಲ್ಲಿ, ಅಷ್ಟು ಕಡಿಮೆ ಸಾಮಾನಿನಲ್ಲಿ, ಅವ್ವ ಹಳೆಯ ಲಿಂಗವನ್ನು ಎಲ್ಲಿಟ್ಟಳೋ ತಿಳಿಯಲಿಲ್ಲ. ಪುಸ್ತಕದ ಕಪಾಟು ಇಳಿಸಿದೆ, ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೆ. ಅವ್ವ ಗೋಡೆಗೆ ಒರಗಿ ಕೂತು, ಒಣ ತುಟಿಯಲ್ಲಿ, "ಹುಡುಕು, ಹುಡುಕು" ಎನ್ನುತ್ತಿದ್ದಳು. ಹನ್ನೊಂದಾಯಿತು, ಹನ್ನೆರಡಾಯಿತು. ನನಗೂ ಬಾಯಾರಿತ್ತು. ಅವ್ವನ ಎದುರಿಗೆ ಲೋಟ ಎತ್ತಲು ಕೈ ಬರಲಿಲ್ಲ. ರೂಢಿ, ಅಭ್ಯಾಸ ಎಂದು ವೈನಿಗೆ ಹೇಳಿದ ಮಾತುಗಳೆಲ್ಲ ನೆನಪಿದ್ದವು. ಆದರೂ ಎತ್ತಲಾಗಲಿಲ್ಲ. ಒಂದು ಗಂಟೆಗೆ ಆ ಸಣ್ಣ ಡಬ್ಬಿ ತೆಗೆದು, "ಸಿಕ್ತು ಅವ್ವಾ" ಎಂದೆ. ಅವ್ವ ಕಣ್ಣಿಗೊತ್ತಿಕೊಂಡಳು. ಪೂಜೆ ಎರಡು ಸಲ ಆಯಿತು. ನಾನು ಉಂಡಾಗ ಮೂರೂಕಾಲು. ಹಳೆಯದು ಮರುದಿನ ಅಕ್ಕಿಯ ಚೀಲದಲ್ಲಿ ಸಿಕ್ಕಿತು. ಈ ಸಲ ನಾನು ಕೂಗಲಿಲ್ಲ. ಸೀರೆಯ ಮಡಿಕೆಯಲ್ಲಿ ಇಟ್ಟು ಸುಮ್ಮನಾದೆ.

ಆ ದಿನಗಳ ಬಗ್ಗೆ ದಿನಚರಿಯಲ್ಲಿ ಹೆಚ್ಚಿಲ್ಲ. ಒಂದು ಪುಟದಲ್ಲಿ ಬರೀ "ಸಾಕು" ಎಂದಿದೆ. ಅವ್ವನಿಗೆ ಸಾಕೋ, ನನಗೆ ಸಾಕೋ, ಬರೆದಿಲ್ಲ. ಒಂದೇ ಪ್ರಶ್ನೆಗೆ ಇಪ್ಪತ್ತನೆಯ ಸಲ ಉತ್ತರಿಸುವಾಗ ನನ್ನ ದನಿ ಏರುತ್ತಿತ್ತು. ಏರಿದ್ದಕ್ಕೆ ನಾಚಿಕೆಯಾಗುತ್ತಿತ್ತು, ಇಪ್ಪತ್ತೊಂದನೆಯ ಸಲ ಮತ್ತೆ ಏರುತ್ತಿತ್ತು. ಒಮ್ಮೆ ಅವ್ವನ ತೋಳನ್ನು ಬಿಗಿಯಾಗಿ ಹಿಡಿದು ಕೂರಿಸಿದೆ. ಎಷ್ಟು ಬಿಗಿಯಾಗಿ ಎಂಬುದನ್ನು ನೆನಪು ಮಾಡಿಕೊಳ್ಳಲು ಇಷ್ಟವಿಲ್ಲ. ವೈನಿ ಎರಡು ವರ್ಷ ಇದನ್ನು ಹೇಗೆ ಮಾಡಿದರು, ಅವರ ದನಿ ಎಂದಾದರೂ ಏರಿತ್ತೇ, ಏರಿದ್ದರೆ ಯಾರ ಹತ್ತಿರ ಹೇಳಿಕೊಂಡರು? ನಾನು ಕೇಳಿರಲಿಲ್ಲ. ಪ್ರತಿ ಶನಿವಾರ ಒಳಗೆ ಕಾಲಿಡುತ್ತ ನಾನು ಕೇಳುತ್ತಿದ್ದದ್ದು ಒಂದೇ: "ಅವ್ವ ಹ್ಯಾಂಗದಾಳ?"

ನಾನು ಆಪಾ, ಅಂದರೆ ಅಕ್ಕ, ಎಂದು ಕರೆಯುವ ಎದುರು ಮನೆಯ ಹೆಂಗಸು ಐದನೆಯ ದಿನ ಬಂದರು. ಅವರ ಅತ್ತೆಯೂ ಹೀಗೇ ನಾಲ್ಕು ವರ್ಷ ಇದ್ದು ಹೋದವರು. ಸಲಹೆ ಏನೂ ಕೊಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಅವ್ವನ ಪಕ್ಕ ಕೂತು, "ನೀವು ಉಣ್ರಿ ಮೇಡಂ, ಆಮ್ಯಾಲ ಜರಾ ಮಕ್ಕೋರಿ. ನಾ ಇಲ್ಲೇ ಕೂಡ್ತೀನಿ" ಎಂದರು. ಅವ್ವ ಅವರ ಬಳೆ ಎಣಿಸುತ್ತ ಕೂತಳು. ನಾನು ಉಂಡು ಬಂದು ಕೇಳಿದೆ, ನಿಮ್ಮ ಅತ್ತೆಯ ಕಾಲಕ್ಕೆ ನಿಮಗೆ ಯಾರು ಸಹಾಯ ಮಾಡಿದರು ಎಂದು.

"ಬರೋರು ಭಾಳ ಮಂದಿ ಬರ್ತಿದ್ರು. ಅತ್ತಿ ಹ್ಯಾಂಗದಾರ, ಅತ್ತಿ ಉಂಡ್ರೇನು, ಅತ್ತಿ ಮಕ್ಕೊಂಡ್ರೇನು. ನಾಲ್ಕು ವರ್ಷದಾಗ ನಂದು ಊಟ ಆಯ್ತೇನಂತ ಒಬ್ಬಾಕಿನೇ ಕೇಳಿದ್ದು. ಹಾಲಿನಾಕಿ. ಆಕಿಗೂ ಅದೇನು ಕಾಳಜಿ ಅಲ್ಲ, ಪಾತ್ರಿ ಖಾಲಿ ಅದನೋ ಇಲ್ಲೋ ಗೊತ್ತಾಗಬೇಕಿತ್ತು," ಎಂದು ಜೋರಾಗಿ ನಕ್ಕರು. ಅವ್ವನೂ ನಕ್ಕಳು. ಆಮೇಲೆ ಆಪಾ ದಿನಾ ಮಧ್ಯಾಹ್ನ ಬಂದು ಒಂದು ಗಂಟೆ ಕಾಲ ಕೂತರು. ಆ ಒಂದು ಗಂಟೆ ಇರದಿದ್ದರೆ ಹದಿನೈದು ದಿನ ನನ್ನಿಂದ ಆಗುತ್ತಿರಲಿಲ್ಲ.

ವಿಚಿತ್ರವೆಂದರೆ, ಅವ್ವ ವೈನಿಯನ್ನು ಕೇಳತೊಡಗಿದಳು. ಹೆಸರು ಹಿಡಿದಲ್ಲ, ಅದು ಹೋಗಿ ಎಷ್ಟೋ ಕಾಲವಾಯಿತು. "ಆಕಿ ಎಲ್ಲಿ? ಆ ರೊಟ್ಟಿಯಾಕಿ?" ನಾನು ಮಾಡಿದ ರೊಟ್ಟಿಯನ್ನು ಮುರಿದು ನೋಡಿ, "ಇದು ಆಕಿ ಬಡಿದದ್ದಲ್ಲ" ಎಂದು ತಾಟಿನ ಬದಿಗೆ ಸರಿಸುತ್ತಿದ್ದಳು. ಯಾರ ಕೈಯ ನೀರು ಬೇಡ ಎಂದಿದ್ದಳೋ ಅವರ ಕೈಯ ರೊಟ್ಟಿ ಬೇಕಾಗಿತ್ತು. ಇದನ್ನು ವೈನಿಗೆ ಫೋನಿನಲ್ಲಿ ಹೇಳಿದರೆ ಅವರಿಗೆ ಸಂತೋಷವಾಗಬಹುದೇ, ಇಲ್ಲ, ಕಟ್ಟಿಹಾಕಿದಂತಾಗುತ್ತದೆಯೇ ಎಂದು ತಿಳಿಯದೆ ಹೇಳಲಿಲ್ಲ.

ಮೊದಲೆರಡು ದಿನ ವೈನಿಯ ಫೋನು ಗಂಟೆಗೊಮ್ಮೆ ಬರುತ್ತಿತ್ತು. "ಬಿಸಿ ನೀರು ಕೊಟ್ಟಿ? ಗುಳಿಗಿ ನುಂಗಿದ್ರ? ಬಾಯಿ ತೆಗಸಿ ನೋಡು, ಗಲ್ಲದಾಗ ಇಟ್ಕೋತಾರ." ಆಮೇಲೆ ದಿನಕ್ಕೆ ಎರಡಾಯಿತು. ಎಂಟನೆಯ ದಿನ ಬರಲೇ ಇಲ್ಲ. ಒಂಬತ್ತನೆಯ ದಿನವೂ ಇಲ್ಲ. ನನಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಭಯವಾಯಿತು. ರಜೆ ಮುಗಿಯಲು ಆರು ದಿನ ಉಳಿದಿತ್ತು. ಅಣ್ಣ ಬೇರೆ, "ಹದಿನೈದಂದ್ರ ಹದಿನೈದ. ಮನಿ ಎಷ್ಟು ದಿನಾ ಕೀಲಿ ಹಾಕೂದು? ನನಗ ಹೋಟೆಲದ ಊಟ ಒಗ್ಗವಲ್ದು" ಎಂದು ದಿನಾ ಹೇಳುತ್ತಿದ್ದ. "ಹಂಗಾದ್ರ ಇಲ್ಲಿ ಬಾ, ಅವ್ವಗ ಉಣಿಸು, ನಿನಗ ನಾ ಮಾಡಿ ಹಾಕ್ತೀನಿ" ಎಂದೆ. ಅಂಗಡಿ ಇದೆ ಎಂದ.

ಹನ್ನೆರಡನೆಯ ದಿನ ನಾನೇ ಫೋನ್ ಮಾಡಿದೆ. ಮಧ್ಯಾಹ್ನ ಹನ್ನೆರಡು ಗಂಟೆ ಇರಬೇಕು. ಅವ್ವನ ಎರಡನೆಯ ಪೂಜೆ ನಡೆದಿತ್ತು. ಆ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರುಗಳ ಸದ್ದು, ಯಾರೋ ಹೆಂಗಸರ ನಗು. ವೈನಿಯ ದನಿ ಬೇರೆಯವರದೆಂದು ಒಂದು ಕ್ಷಣ ಅನಿಸಿತು.

"ಏನು ಮಾಡಾಕತ್ತೀರಿ ವೈನಿ?"

"ಏನಿಲ್ಲ ತಂಗಿ. ಈಗ ಉಂಡೆ. ಬಿಸಿ ಬಿಸಿ ರೊಟ್ಟಿ, ಅಕ್ಕ ಬಡದು ಹಾಕಿದಳು. ಕೂತಲ್ಲೇ ಉಂಡೆ," ಎಂದರು. ಏನೋ ತಪ್ಪು ಮಾಡಿದಂತೆ ದನಿ ತಗ್ಗಿಸಿ, "ಅತ್ತಿ ಉಂಡ್ರ?" ಎಂದು ಕೇಳಿದರು.

"ಇನ್ನಾ ಇಲ್ಲ."

ಅವ್ವನಿಗಿಂತ ಮೊದಲು ತಾವು ಉಂಡದ್ದು ಅವರಿಗೆ ನೆನಪಾಗಿರಬೇಕು. ನಾನು ಹಾಗೆ ಹೇಳಬಾರದಿತ್ತು. ಆಗಿದೆ ಎಂದು ಸುಳ್ಳು ಹೇಳಬಹುದಿತ್ತು. ಅವರು ಎಷ್ಟು ಸುಳ್ಳು ಹೇಳಿ ಅವ್ವನಿಗೆ ನೀರು ಕುಡಿಸಿಲ್ಲ? ಆಮೇಲೆ ಅವರೇ, "ಐತವಾರ ಬರ್ತೀನಿ ತಂಗಿ. ಬರಬೇಕಲ್ಲ" ಎಂದರು.

ಆಗ ನಾನು ಒಂದು ಪ್ರಶ್ನೆ ಕೇಳಿದೆ, ಅದನ್ನು ಕೊನೆಗೆ ಬರೆಯುತ್ತೇನೆ. ಅವರಿಗಾಗಿ ಕೇಳಿದೆನೋ, ಹೌದು ಎನಿಸಿಕೊಂಡು ನನ್ನ ಭಾರ ಇಳಿಸಿಕೊಳ್ಳಲು ಕೇಳಿದೆನೋ, ಎಷ್ಟು ಯೋಚಿಸಿದರೂ ತೀರ್ಮಾನವಾಗಿಲ್ಲ. ಅವರು, "ಅಕ್ಕ ಕರಿಯಾಕತ್ತಾಳ, ಇಡ್ಲಾ?" ಎಂದು ಫೋನು ಇಟ್ಟರು.

ಭಾನುವಾರ ನಾನು ಅವ್ವನನ್ನು ಬಸವಕಲ್ಯಾಣಕ್ಕೆ ಕರೆತಂದೆ, ವೈನಿಯೂ ಬಂದರು. ಮುಖ ಸ್ವಲ್ಪ ತುಂಬಿಕೊಂಡಿತ್ತು. ಅವ್ವ ಅವರನ್ನು ನೋಡಿ, "ಎಲ್ಲಿ ಹೋಗಿದ್ದಿ? ರೊಟ್ಟಿ ಯಾರು ಬಡೀಬೇಕು?" ಎಂದು ಬೈದಳು. ಅವರ ಕೈಯಿಂದಲೇ ನೀರು ತೆಗೆದುಕೊಂಡು ಕುಡಿದಳು. ವೈನಿ ಸೆರಗು ಸಿಕ್ಕಿಸಿಕೊಂಡು ನೇರ ಅಡುಗೆಮನೆಗೆ ಹೋದರು. ಈಗ ಪ್ರತಿ ತಿಂಗಳು ಹತ್ತು ದಿನ ಅವ್ವ ನನ್ನ ಹತ್ತಿರ ಇರುತ್ತಾಳೆ. ಆಪಾ ಬಂದು ಕೂರುತ್ತಾರೆ. ತರಗತಿಯ ಹೊತ್ತಿಗೆ ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದೇನೆ. ಉಳಿದ ಇಪ್ಪತ್ತು ದಿನ ವೈನಿಯದು. ಶನಿವಾರ ಹೋದಾಗ ಈಗ ನಾನು ಮೊದಲು ಕೇಳುವುದು, "ವೈನಿ, ಉಂಡ್ರೇನು?" ಎಂದು. ಕೆಲವು ಸಲ "ಹೂಂ" ಎನ್ನುತ್ತಾರೆ. ತೊಳೆಯುವ ಪಾತ್ರೆಗಳಲ್ಲಿ ಅವರ ತಾಟು ಇದೆಯೇ ಎಂದು ನಾನು ಕಳ್ಳಿಯಂತೆ ಇಣುಕುತ್ತೇನೆ. ಬಹಳ ಸಲ ಇರುವುದಿಲ್ಲ.

ಫೋನಿನಲ್ಲಿ ಕೇಳಿದ್ದನ್ನು ಮತ್ತೆ ಎದುರಿಗೆ ಕೇಳುವ ಧೈರ್ಯ ನನಗೆ ಬಂದಿಲ್ಲ. ಆ ಪ್ರಶ್ನೆ ಅವರಿಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ನನ್ನ ನೆನಪನ್ನು ನಂಬದೆ ಆ ಕ್ಷಣವೇ, ಅವ್ವನ ಪೂಜೆ ಮುಗಿಯುವ ಮೊದಲೇ, ಅದನ್ನು ದಿನಚರಿಯಲ್ಲಿ ಬರೆದುಕೊಂಡಿದ್ದೆ. ನಾನು ಕೇಳಿದ್ದು ಇಷ್ಟು:

"ವೈನಿ, ನೀವು ಬರಲಿಲ್ಲಂದ್ರ ನಾ ಏನೂ ಅನ್ನಂಗಿಲ್ಲ. ಖರೇ ಹೇಳ್ರಿ, ನಿಮಗ ಆ ಮನಿಗಿ ತಿರುಗಿ ಬರಬೇಕು ಅನಸ್ತದೇನು?"